ದೆವ್ವದ ಅಳು ನನ್ನದು

ಮಂಡ್ಯದ ಥಿಯೇಟರಿಗೆ ನಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋದವಳು ನಾನೇ. ಮಳವಳ್ಳಿಯಿಂದ ನನ್ನ ಗಂಡ ಸ್ವಾಮಿಯ ಗೂಡ್ಸ್ ಗಾಡಿಯಲ್ಲಿ, ಹಿಂದೆ ಜಮಖಾನ ಹಾಸಿ, ಚಕ್ಕುಲಿ ಡಬ್ಬ ಇಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ಹೊರಟಿದ್ದೆವು. ಸಿನಿಮಾದ ಹೆಸರು ‘ಕಬ್ಬಿನ ಗದ್ದೆಯ ಚೆನ್ನಿ’. ದೆವ್ವದ ಸಿನಿಮಾ. ಆ ದೆವ್ವ ನಾನು. ಬೀದಿಗೆಲ್ಲ ಹೇಳಿಕೊಂಡಿದ್ದೆ. ಹೇಳಿಕೊಳ್ಳಬಾರದಿತ್ತು ಅಂತ ನನಗೇನೂ ಅನ್ನಿಸುವುದಿಲ್ಲ. ದೆವ್ವವಾಗಿದ್ದು ನಿಜ, ಹೇಳಿದ್ದೂ ನಿಜ.

ಇಂಟರ್ವಲ್ಲಿಗೆ ಮೊದಲೇ ನಗು ಶುರುವಾಯಿತು. ಅಮಾವಾಸ್ಯೆಯ ರಾತ್ರಿ ಅಂತ ಪರದೆಯ ಮೇಲೆ ಬರೆದಿದೆ, ಚಿತ್ರವೆಲ್ಲ ನೀಲಿ ನೀಲಿ. ಆದರೆ ಹಿತ್ತಲಿನಲ್ಲಿ ಒಂದು ಕೋಳಿ ಮರಿಗಳನ್ನು ಕಟ್ಟಿಕೊಂಡು ಕೆದಕುತ್ತಾ ಓಡಾಡುತ್ತಿದೆ. ಹಗಲಿನಲ್ಲಿ ಶೂಟಿಂಗ್ ಮಾಡಿ ಕಂಪ್ಯೂಟರಿನಲ್ಲಿ ಕತ್ತಲು ಮಾಡಿದ್ದರು. ಅದನ್ನು ಕೋಳಿಗೆ ಯಾರು ಹೇಳಬೇಕು?

“ಅಮಾಸೆ ರಾತ್ರೀಲಿ ಕೋಳಿ ಮೇಯ್ತಾ ಅವಲ್ಲಮ್ಮಿ, ಇದ್ಯಾವ್ ಸೀಮೆ ಕೋಳಿ?” ಎಂದರು ಹೊಂಬಾಳಮ್ಮ, ಇಡೀ ಥಿಯೇಟರಿಗೆ ಕೇಳುವ ಹಾಗೆ. ಹೊಂಬಾಳಮ್ಮ ನಮ್ಮ ಎದುರು ಮನೆಯವರು, ಬೀದಿಯ ಹೆಂಗಸರ ಸಂಘದ ಅಧ್ಯಕ್ಷೆ. ಅವರ ಬಾಯಿಗೆ ಹೆದರಿ ಬ್ಯಾಂಕಿನವರೂ ಎದ್ದು ನಿಂತು ಮಾತಾಡಿಸುತ್ತಾರೆ.

ದೆವ್ವ ಕಬ್ಬಿನ ಗದ್ದೆಯೊಳಗೆ ಕೂದಲು ಬಿಟ್ಟುಕೊಂಡು ಓಡಿತು. “ಸೋಗೆಗೆ ಸಿಕ್ಕಾಕಂಡು ತಲೆ ಬೋಳಾಗ್ಬೇಕಿತ್ತು ಕಣ್ರೇ, ಒಂದ್ ಎಳೆನೂ ಕಿತ್ತಿಲ್ವಲ್ಲ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಿಜ ಹೇಳಬೇಕೆಂದರೆ ಕಿತ್ತಿತ್ತು. ನನ್ನ ತಲೆಗೆ ಕಟ್ಟಿದ್ದ ಚೌರಿ ಎರಡು ಸಲ ಕಬ್ಬಿನ ಸೋಗೆಗೆ ಸಿಕ್ಕಿ ನೇತಾಡಿತ್ತು, ಅದನ್ನು ಕತ್ತರಿಸಿ ತೆಗೆದಿದ್ದರು.

ಇಷ್ಟೆಲ್ಲ ಆದರೂ ನಾನು ನಗುತ್ತಲೇ ಕುಳಿತಿದ್ದೆ, ಯಾಕೆಂದರೆ ನನ್ನ ಸೀನು ಮುಂದಿತ್ತು. ಚೆನ್ನಿ ಪಡಸಾಲೆಯ ಕಂಬಕ್ಕೆ ಒರಗಿ ಅಳುವ ಸೀನು. ಅದು ಬಂತು. ಪರದೆಯ ಮೇಲೆ ನಾನು ಬಾಯಿ ತೆರೆದೆ. ಬಂದದ್ದು ಯಾವಳದೋ ಕಿರುಚಾಟ. ಈ... ಅಂತ ಒಂದೇ ಸಮನೆ, ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತು ಯಾರೋ ಗಂಟಲು ಹರಿದುಕೊಂಡದ್ದು.

“ಕುಕ್ಕರ್ ಕೂಗ್ತು, ಗ್ಯಾಸ್ ಆಫ್ ಮಾಡ್ರಲಾ!” ಎಂದು ಒಬ್ಬ ಹುಡುಗ ಕೂಗಿದ. ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಮ್ಮ ಬೀದಿಯವರೂ ನಕ್ಕರು. ಹೊಂಬಾಳಮ್ಮ ಮಾತ್ರ ನನ್ನ ಕಡೆ ತಿರುಗಿ ಮುಖ ನೋಡಿದರು.

“ಎಲ್ಲಮ್ಮಿ ನೀನು? ಮಕದ್ ತುಂಬಾ ಕೂದ್ಲು. ದನಿನೂ ನಿಂದಲ್ಲ. ನೀನೇ ಅಂತ ಎಂಗ್ ನಂಬೋದು?”

ಸಿನಿಮಾ ಚೆನ್ನಾಗಿಲ್ಲ ಅಂದರೆ ಅಂದುಕೊಳ್ಳಲಿ, ಅದು ಚೆನ್ನಾಗಿರಲೂ ಇಲ್ಲ. ಆದರೆ ಆ ಕಂಬದ ಹತ್ತಿರ ನಾನು ಅತ್ತಿದ್ದೆ. ಆ ಅಳುವನ್ನು ನನ್ನ ಬಾಯಿಂದ ಕಿತ್ತು ಎಸೆದು ಅಲ್ಲಿ ಕುಕ್ಕರನ್ನು ಕೂರಿಸಿದ್ದರು.

ನಾನು ಟೈಲರು. ಮಳವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಅಂಗಡಿ, ಬ್ಲೌಸು, ಚೂಡಿದಾರ್ ಎಲ್ಲ ಹೊಲಿಯುತ್ತೇನೆ. ಮದ್ದೂರಿನಲ್ಲಿ ಮದುವೆ ವಿಡಿಯೋ ಮಾಡುವ ಪುನೀತ್ ಸಿನಿಮಾ ತೆಗೆಯುತ್ತೇನೆ ಅಂತ ಹೊರಟಾಗ ದೆವ್ವದ ಬಟ್ಟೆ ಹೊಲಿಯಲು ನನಗೆ ಹೇಳಿದ. ಬಟ್ಟೆ ಕೊಡೋಣ ಅಂತ ಆತಗೂರಿನ ಕಡೆ ಶೂಟಿಂಗ್ ನಡೆಯುತ್ತಿದ್ದ ಮನೆಗೆ ಹೋದರೆ, ಬೆಂಗಳೂರಿನಿಂದ ಬಂದಿದ್ದ ದೆವ್ವದ ಹುಡುಗಿ ಕೈಯೆಲ್ಲ ಕೆಂಪಗೆ ಮಾಡಿಕೊಂಡು ಕಾರು ಹತ್ತುತ್ತಿದ್ದಳು. ಕಬ್ಬಿನ ಗರಿ ಕೊಯ್ದಿತ್ತು. ಇನ್ನೊಮ್ಮೆ ಗದ್ದೆಗೆ ಇಳಿಯುವುದಿಲ್ಲ ಅಂದಳಂತೆ. ಪುನೀತ್ ತಲೆ ಮೇಲೆ ಕೈ ಹೊತ್ತು ಕುಳಿತಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇ ದೆವ್ವ ಆಗ್ಬುಡಿ ಅಕ್ಕ” ಅಂದ. ದೆವ್ವದ ಬ್ಲೌಸು ಹೊಲಿಯುವಾಗ ನನ್ನ ಅಳತೆಯನ್ನೇ ಇಟ್ಟುಕೊಂಡಿದ್ದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಅಳುವ ಸೀನಿಗೆ ಅವನು ಹೇಳಿದ್ದು ಇಷ್ಟೇ: “ಅಕ್ಕ, ಸುಮ್ನೆ ಜೋರಾಗಿ ಕಿರುಚಿ.” ನಾನು ಕಂಬಕ್ಕೆ ಒರಗಿ ಕುಳಿತೆ. ಕಿರುಚೋಣ ಅಂತಲೇ ಬಾಯಿ ತೆರೆದೆ. ಬಂದದ್ದು ಬೇರೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರನ್ನು ಕೂಗಿ ಕರೆದು, ಅವರು ಉಂಡದ್ದು, ಉಟ್ಟದ್ದು, ಬೈದದ್ದು ಎಲ್ಲವನ್ನೂ ಅವರಿಗೇ ಹೇಳಿಕೊಂಡು ಅಳುತ್ತಾರೆ. ಒಬ್ಬಳು ಶುರು ಮಾಡಿದರೆ ಬಂದವರು ಅವಳ ಕೊರಳು ತಬ್ಬಿ ತಮ್ಮ ಮಾತನ್ನೂ ಸೇರಿಸಬೇಕು. ಒಬ್ಬಳನ್ನೇ ಅಳಲು ಬಿಡಬಾರದು. ಹಾಗೆಯೇ, ಹೆಣವಿಲ್ಲದ ಮನೆಯಲ್ಲಿ ಆ ಅಳು ಎತ್ತಬಾರದು. ಎತ್ತಿದರೆ ಸಾವನ್ನು ಹೆಸರು ಹಿಡಿದು ಕರೆದಂತೆ ಅಂತ ಹೇಳುತ್ತಾರೆ.

ನನ್ನವ್ವ ಪಟ್ಟಲಮ್ಮ ಕೊರೊನಾ ಕಾಲದಲ್ಲಿ ಮಂಡ್ಯದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲಿಂದಲೇ ಮಣ್ಣಿಗೆ ಒಯ್ದರು. ದುದ್ದದ ಹತ್ತಿರದ ನನ್ನ ತವರಿಗೆ ವಾಪಸ್ ಬಂದದ್ದು ಅವಳ ಬಟ್ಟೆಯ ಚೀಲ. ಅದನ್ನು ಎದೆಗೆ ಹಿಡಿದು ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ದೊಡ್ಡಸಿದ್ದಯ್ಯ ಬಾಗಿಲಲ್ಲಿ ನಿಂತು ತಡೆದರು. “ಎಣ ಬರ್ದಿರೋ ಮನೇಲಿ ಅಂಗ್ ಅಳ್ಬ್ಯಾಡ ಕೂಸೆ. ಇರೋರ್ಗೆ ಆಗಲ್ಲ.” ದೊಡ್ಡಪ್ಪ ಕೆಟ್ಟವರಲ್ಲ. ಆಗ ಪಕ್ಕದ ಮನೆಗಳಲ್ಲೂ ಜನ ಜ್ವರ ಹಿಡಿದು ಮಲಗಿದ್ದರು. ನಾನು ಬಾಯಿ ಮುಚ್ಚಿದೆ.

ಮುಚ್ಚಿದ ಆ ಬಾಯಿ ಆತಗೂರಿನ ಕಡೆಯ ಯಾರದೋ ಪಡಸಾಲೆಯಲ್ಲಿ, ಕ್ಯಾಮೆರಾದ ಮುಂದೆ, ಚೌರಿ ಹಾಕಿಕೊಂಡಾಗ ತೆರೆಯಿತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಪುನೀತ್ ಕಟ್ ಅನ್ನಲಿಲ್ಲ. ಮುಗಿದ ಮೇಲೆ ಒಂದು ಲೋಟ ನೀರು ಕೊಟ್ಟು, “ಸೂಪರ್ ಅಕ್ಕ” ಅಂದ. ಅವ್ವ ಹೋದ ಮೇಲೆ ನಾನು ನೆಟ್ಟಗೆ ಊಟ ಮಾಡಿದ್ದು ಅವತ್ತೇ. ಅದು ಸಿನಿಮಾದಲ್ಲಿ ಬರುತ್ತದೆ, ನಾಲ್ಕು ಜನ ಕೇಳುತ್ತಾರೆ, ಅವ್ವನಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ ಅಂದುಕೊಂಡೆ. ಬೀದಿಯನ್ನೆಲ್ಲ ಗಾಡಿಗೆ ತುಂಬಿದ್ದು ಅದಕ್ಕೇ.

ಮಂಡ್ಯದಿಂದ ಬಂದ ಮಾರನೆಯ ದಿನ ಮದ್ದೂರಿನ ಬಸ್ಸು ಹತ್ತಿದೆ.

ಪುನೀತನ ಸ್ಟುಡಿಯೋದಲ್ಲಿ ಸಿನಿಮಾದ ಪೋಸ್ಟರು ಆಗಲೇ ಗೋಡೆಯಿಂದ ಇಳಿದಿತ್ತು. ಅವನು ಯಾರದೋ ಮದುವೆ ಆಲ್ಬಂ ಮುಂದೆ ಹಾಕಿಕೊಂಡು, ಮೊಬೈಲ್ ನೋಡುತ್ತಾ ಕುಳಿತಿದ್ದ. ಗಡ್ಡ ಬೋಳಿಸಿರಲಿಲ್ಲ.

“ನೋಡಿ ಅಕ್ಕ, ಎಂಗ್ ಬರ್ದವ್ರೆ. ‘ದೆವ್ವ ಬಂದಾಗ ನಿದ್ದೆ ಬಂತು.’ ‘ಕೋಳಿಗೆ ಅವಾರ್ಡ್ ಕೊಡಿ.’ ‘ನಮ್ ದುಡ್ಡು ವಾಪಸ್ ಕೊಡ್ಸೋ ಮಂತ್ರವಾದಿ ಯಾರಾದ್ರೂ ಅವ್ರಾ?’ ಬುಡಿ ಅತ್ಲಾಗೆ. ಇನ್ ಸಿನಿಮಾ ಸಾವಾಸ ಬ್ಯಾಡ.”

“ನನ್ನ ದನಿ ಎಲ್ಲಿ?” ಎಂದೆ.

“ಏನು?”

“ನಾನತ್ತಿದ್ನಲ್ಲ. ಅದೆಲ್ಲೋಯ್ತು?”

ಅವನು ಕುರ್ಚಿಯಲ್ಲಿ ಹಿಂದೆ ಸರಿದ. “ಅದು ಸೌಂಡ್ ಮಾಡೋರು ಬ್ಯಾಡ ಅಂದ್ಬುಟ್ರು ಅಕ್ಕ. ಪಂಪ್‌ಸೆಟ್ ಸದ್ದು ಸೇರ್ಕಂಡಿತ್ತು. ದೆವ್ವ ಅಂದ್ರೆ ಕಿರುಚ್ಬೇಕು, ಮಾತಾಡ್ಬಾರ್ದು ಅಂದ್ರು. ಅಲ್ದೆ ನೀವು ಅದ್ರಲ್ಲಿ ಪ್ಲಾಸ್ಟಿಕ್ ಅಂತೀರಿ. ನಮ್ ಚೆನ್ನಿ ಸಾಯೋದು ಅಜ್ಜಂದಿರ ಕಾಲದಲ್ಲಿ. ಆಗ್ಲೇ ಪ್ಲಾಸ್ಟಿಕ್ ಎಲ್ಲಿತ್ತು? ಜನ ನಗ್ತಾರೆ ಅಂತ ತೆಗ್ಸ್ಬುಟ್ಟೆ.”

“ಈಗೇನ್ ಜನ ಅಳ್ತಾವ್ರಾ?” ಎಂದೆ. “ಕೋಳಿಗೆ ಅಮಾಸೆ ಗೊತ್ತಿಲ್ದೆ ಇದ್ರೂ ನಡೀತು, ದೆವ್ವಕ್ಕೆ ಪ್ಲಾಸ್ಟಿಕ್ ಗೊತ್ತಿದ್ರೆ ನಡಿಯಕಿಲ್ವಾ?”

ಆಮೇಲೆ ನಾನು ನನ್ನವ್ವನ ವಿಷಯ ಹೇಳಿದೆ. ಚುಟುಕಾಗಿ ಹೇಳಿದೆ, ಅಲ್ಲಿ ಅಳುವ ಮನಸ್ಸಿರಲಿಲ್ಲ. ಅವನು ಮೊಬೈಲನ್ನು ಮಗುಚಿ ಇಟ್ಟ.

“ನೀವು ಅವತ್ತೇ ಯೋಳ್ಬೇಕಿತ್ತು.”

“ನೀನು ಕೇಳ್ಬೇಕಿತ್ತು. ಈಗ ಅದನ್ನ ವಾಪಸ್ ಆಕು. ನೀನು ಸಿನಿಮಾನ ಬಾವಿಗಾದ್ರೂ ಆಕ್ಕೊ, ನಂಗೇನಿಲ್ಲ. ಒಂದ್ ಕಿತ ನನ್ನ ದನಿ ಆಕಿ, ಮಳವಳ್ಳೀಲಿ ತೋರ್ಸು. ಆಮೇಲೆ ಬಾವಿಗಾಕು.”

“ಮತ್ತೆ ಉಗಿಸ್ಕಳಕ್ಕೆ ನನ್ ಕೈಲಾಗಲ್ಲ ಅಕ್ಕ.”

“ನನ್ ಜೊತೆ ಕುಂತ್ಕೊ. ಇಬ್ರಿಗೂ ಉಗೀಲಿ.”

ಅವನು ಆಗುವುದಿಲ್ಲ ಅಂದ. ನಾನು ಬೆಂಚಿನ ಮೇಲೆ ಕುಳಿತೆ. ಗಿರಾಕಿಗಳು ಬಂದರು, ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋದರು. ನಾನು ಕುಳಿತೇ ಇದ್ದೆ. ಒಬ್ಬ ಅಜ್ಜನ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಬ್ಯಾಗಿನಿಂದ ಸೂಜಿ ತೆಗೆದು ಹಾಕಿಕೊಟ್ಟೆ. ಮಧ್ಯಾಹ್ನ ಪುನೀತ್ ಊಟಕ್ಕೆ ಹೋಗಿ ಬಂದ, ನಾನು ಅಲ್ಲೇ ಇದ್ದೆ. ಕೊನೆಗೆ ಉಸ್ಸಪ್ಪಾ ಅಂತ ಕಂಪ್ಯೂಟರಿನ ಮುಂದೆ ಕುಳಿತು, ಹಳೆಯ ಫೈಲು ಹುಡುಕಿ, ಸ್ಪೀಕರ್ ಹಾಕಿದ.

ಪಂಪ್‌ಸೆಟ್ಟಿನ ಸದ್ದು ಇತ್ತು. ಕೋಳಿಯೂ ಇತ್ತು. ಅವೆರಡರ ಮೇಲೆ ನನ್ನ ದನಿ. ಪೂರ್ತಿ ಕೇಳುವವರೆಗೂ ಪುನೀತ್ ತಿರುಗಿ ನೋಡಲಿಲ್ಲ.

“ನಮ್ಮಜ್ಜಿ ಸತ್ತಾಗ ನಮ್ಮತ್ತೆ ಇಂಗೇ ಅತ್ತಿದ್ರು” ಎಂದ ಕೊನೆಗೆ. “ನಾನು ಆಗ ಎದ್ರಿ ಅಟ್ಟದಲ್ಲಿ ಬಚ್ಚಿಟ್ಕಂಡಿದ್ದೆ.”

“ಎದ್ರಿದ್ದೆ ತಾನೆ? ನಿಂದು ಎದ್ರುಸೋ ಸಿನಿಮಾ ತಾನೆ?” ಎಂದೆ. ಅವನು ಹೌದೆಂದು ತಲೆ ಅಲ್ಲಾಡಿಸಿದ. ಆ ದನಿ ವಾಪಸ್ ಹಾಕಿಕೊಂಡು ಭಾನುವಾರ ಮಳವಳ್ಳಿಗೆ ಬರುತ್ತೇನೆ ಅಂದ.

ನಮ್ಮ ಬೀದಿಯ ಸಮುದಾಯ ಭವನ ಸಿಕ್ಕಿತು. ಕತ್ತಲು ಮಾಡಲು ಸ್ವಾಮಿ ಗಾಡಿಯ ಟಾರ್ಪಾಲುಗಳನ್ನು ಬಿಚ್ಚಿ ಕಿಟಕಿಗಳಿಗೆ ಕಟ್ಟಿದ. ಕಷ್ಟವಾದದ್ದು ಜನರನ್ನು ಸೇರಿಸುವುದು. ಅದೇ ಸಿನಿಮಾ ಅಂದ ಕೂಡಲೇ ಬೀದಿಯೆಲ್ಲ ಕೈಮುಗಿಯಿತು.

“ಒಂದ್ ಕಿತ ನೋಡಿ ಸೊಂಟ ಇಡ್ಕಂಡದೆ ಕಣಮ್ಮಿ” ಎಂದರು ಹೊಂಬಾಳಮ್ಮ. “ನಿನ್ ಮಕ ನೋಡ್ಕಂಡು ಸುಮ್ನಿದ್ದೀವಿ. ಇನ್ನೊಂದ್ ಕಿತ ಅಂದ್ರೆ ಆಗಕಿಲ್ಲ.”

ಮದುವೆಯ ಸೀಸನ್. ನನ್ನ ಅಂಗಡಿಯಲ್ಲಿ ಇಡೀ ಬೀದಿಯ ಬ್ಲೌಸುಗಳು ಹೊಲಿದು ಮಡಚಿ ಸಿದ್ಧವಾಗಿದ್ದವು. ನಾನು ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ತಾಳಿಯ ಸರಕ್ಕೆ ಸಿಕ್ಕಿಸಿಕೊಂಡೆ. “ಭಾನ್ವಾರ ಸಿನಿಮಾ ನೋಡಿ. ಆಮೇಲೆ ಬ್ಲೌಸ್ ಈಸ್ಕಳಿ. ನೋಡ್ದೆ ಇದ್ದೋರು ಅಳೇ ಬ್ಲೌಸಲ್ಲೇ ಮದ್ವೆಗೋಗಿ.”

“ಇದು ನ್ಯಾಯನಾ?” ಎಂದು ಕೇಳಿದರು.

“ಅಲ್ಲ” ಎಂದೆ.

ಭಾನುವಾರ ಮಧ್ಯಾಹ್ನ ಭವನ ತುಂಬಿತು. ಬೈಯುತ್ತಲೇ ಬಂದರು. ಮಂಡ್ಯದಲ್ಲಿ ನೋಡದಿದ್ದ ಗಂಡಸರೂ ನಗುವುದಕ್ಕೆಂದೇ ಬಂದು ಹಿಂದೆ ನಿಂತರು. ಪುನೀತ್ ಪ್ರೊಜೆಕ್ಟರಿನ ಪಕ್ಕ ಸಣ್ಣಗಾಗಿ ಕುಳಿತಿದ್ದ. ಕೋಳಿ ಬಂದಾಗ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು, ಗುರುತಿನವರು ಬಂದ ಹಾಗೆ. ಸೋಗೆಯ ಮಾತು ಮತ್ತೆ ಬಂತು. ನಾನು ಹೊಂಬಾಳಮ್ಮನ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದೆ.

ಪಡಸಾಲೆ ಬಂತು, ಕಂಬ ಬಂತು. ಹಿಂದೆ ಯಾರೋ ಬಾಯಿಂದ ಕುಕ್ಕರಿನ ಸೀಟಿ ಹೊಡೆಯಲು ಶುರುಮಾಡಿದ.

“ಅಯ್ಯೋ ನನ್ನವ್ವಾ... ಯಾರ್ ಕೈಗ್ ಬುಟ್ಟೋದೆ ನನ್ನವ್ವಾ...”

ಸೀಟಿ ನಿಂತುಹೋಯಿತು.

“ಒಂದ್ ಗುಟುಕ್ ನೀರ್ ಬುಡ್ಲಿಲ್ವಲ್ಲ ನನ್ನವ್ವಾ... ನಿನ್ ತಲೆಗೆ ಎಣ್ಣೆ ಇಕ್ಲಿಲ್ವಲ್ಲ ನನ್ನವ್ವಾ...”

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ದಡಕ್ಕನೆ ಎದ್ದು ನಿಂತಿತು. “ಆಪ್ ಮಾಡ್ರೋ! ಮದ್ವೆ ಮಾಡೋ ಜಾಗ ಇದು! ಎಣ ಇಲ್ದೆ ಇಂಗ್ ಅಳ್ತಾರಾ?” ಒಬ್ಬಳು ತಾಯಿ ಮಗುವಿನ ಕಿವಿ ಮುಚ್ಚಿದಳು. ಹಿಂದೆ ನಿಂತಿದ್ದ ಗಂಡಸರು ಬಾಗಿಲ ಕಡೆ ಸರಿದರು. ಅವರ ಮುಖದಲ್ಲಿ ಈಗ ನಗುವಿರಲಿಲ್ಲ, ಭಯವಿತ್ತು. ಚೌರಿ, ನೀಲಿ ಬೆಳಕು, ಬಿಳಿ ಸೀರೆ ಯಾವುದರಿಂದಲೂ ಆಗದ ಭಯ. ಪುನೀತ್ ನಿಲ್ಲಿಸಲಾ ಅಂತ ನನ್ನ ಕಡೆ ನೋಡಿದ. ಬೇಡ ಅಂತ ತಲೆಯಾಡಿಸಿದೆ. ಭವನ ಬಿದ್ದುಹೋದರೂ ನಿಲ್ಲಿಸಲು ಬಿಡುತ್ತಿರಲಿಲ್ಲ.

“ಮಕ ನೋಡ್ಲಿಲ್ವಲ್ಲ ನನ್ನವ್ವಾ... ಪ್ಲಾಸ್ಟಿಕ್ಕಲ್ ಸುತ್ಬುಟ್ರಲ್ಲ ನನ್ನವ್ವಾ... ಬಟ್ಟೆ ಚೀಲ ಬಂತು, ನೀ ಬರ್ನಿಲ್ವಲ್ಲ ನನ್ನವ್ವಾ...”

ಎದ್ದು ನಿಂತಿದ್ದ ಅಜ್ಜಿ ನಿಂತಲ್ಲೇ ನಿಂತಿತು. ಅಜ್ಜಂದಿರ ಕಾಲದ ದೆವ್ವ ಪ್ಲಾಸ್ಟಿಕ್ಕಿನ ಮಾತಾಡಿತು ಅಂತ ಯಾರೂ ನಗಲಿಲ್ಲ. ಅದು ಯಾವ ಪ್ಲಾಸ್ಟಿಕ್ಕು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹೊಂಬಾಳಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. ಈ ಸಲ ಯಾರು, ಏನು ಅಂತ ಕೇಳಲಿಲ್ಲ. ಕೈ ಚಾಚಿ ನನ್ನ ಕೊರಳು ತಬ್ಬಿಕೊಂಡರು. “ನನ್ನಣ್ಣಾ...” ಎಂದು ಎತ್ತಿದರು. “ಗೇಟಲ್ ನಿಲ್ಲುಸ್ಬುಟ್ರಲ್ಲ ನನ್ನಣ್ಣಾ... ದೂರದಿಂದ್ಲೂ ನೋಡಕ್ ಬುಡ್ಲಿಲ್ವಲ್ಲ ನನ್ನಣ್ಣಾ...” ಅವರ ಅಣ್ಣ ಅದೇ ವರ್ಷ ಹೋದದ್ದು ನನಗೆ ಗೊತ್ತಿತ್ತು. ಅವರು ಅತ್ತಿರಲಿಲ್ಲ ಅನ್ನುವುದು ಗೊತ್ತಿರಲಿಲ್ಲ. ಬ್ಯಾಂಕಿನವರನ್ನು ಎಬ್ಬಿಸಿ ನಿಲ್ಲಿಸುವ ಹೆಂಗಸು ನನ್ನ ಭುಜದ ಮೇಲೆ ಮಗುವಿನ ಹಾಗೆ ಅಳುತ್ತಿದ್ದರು. ಆಗ ನಾನೂ ಅತ್ತೆ. ಪರದೆಯ ಮೇಲೆ ಒಬ್ಬಳು, ಕೆಳಗೆ ಒಬ್ಬಳು, ಇಬ್ಬರೂ ನಾನೇ.

ಆಮೇಲೆ ಬೇರೆ ದನಿಗಳು ಸೇರಿದವು. ಆಪ್ ಮಾಡ್ರೋ ಅಂದಿದ್ದ ಅಜ್ಜಿ ಸೊಸೆಯ ಕೊರಳಿಗೆ ಬಿದ್ದು ಮಗನ ಹೆಸರು ಹಿಡಿದು ಕೂಗಿತು. ಎಲ್ಲರ ಮನೆಯಲ್ಲೂ ಆ ವರ್ಷ ಸಾವಾಗಿರಲಿಲ್ಲ. ಆಗದಿದ್ದವರು ಆದವರನ್ನು ತಬ್ಬಿಕೊಂಡರು. ಪರದೆಯ ಮೇಲೆ ಮಂತ್ರವಾದಿ ಬಂದ, ಹೋಮ ಮಾಡಿದ, ಚೆನ್ನಿಯನ್ನು ಸುಟ್ಟ. ಯಾರೂ ಅವನ ಕಡೆ ನೋಡಲಿಲ್ಲ. ಸಿನಿಮಾ ತನ್ನ ಪಾಡಿಗೆ ತಾನು ಮುಗಿಯಿತು.

ಸ್ವಾಮಿ ಟಾರ್ಪಾಲು ಬಿಚ್ಚಿದ. ಬಿಸಿಲು ಒಳಗೆ ಬಿತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋಗಿ, ಭವನದ ಪಕ್ಕದ ನಲ್ಲಿಯ ಹತ್ತಿರ ಸಾಲು ನಿಂತರು. ಕಾಲು ತೊಳೆದು, ಮುಖ ತೊಳೆದು, ತಲೆಯ ಮೇಲೆ ನೀರು ಚಿಮುಕಿಸಿಕೊಂಡರು. ಸಾವಿನ ಮನೆಗೆ ಹೋಗಿ ಬಂದವರು ಮಾಡುವುದು ಅದನ್ನೇ. ಹೀಗೆ ಮಾಡಿ ಅಂತ ಯಾರೂ ಯಾರಿಗೂ ಹೇಳಲಿಲ್ಲ. ಗಂಡಸರೂ ತೊಳೆದುಕೊಂಡರು. ಕೊನೆಗೆ ಪುನೀತ್ ಶೂ ಬಿಚ್ಚಿ, ಪ್ಯಾಂಟು ಮೇಲೆ ಮಡಚಿ, ಕಾಲೊಡ್ಡಿದ.

ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅವನನ್ನು ಕರೆದರು. “ಪಿಚ್ಚರ್ ಮಾತ್ರ ಸುಕಾ ಇಲ್ಲ ಕಣಪ್ಪ. ಯೋಳ್ಬುಡ್ತೀನಿ. ಆ ಮಂತ್ರವಾದಿನ ಕಿತ್ತಾಕು. ಸತ್ತವ್ಳನ್ನ ಇನ್ನೊಂದ್ ಕಿತ ಸುಡಾಕೆ ಅವನ್ಯಾರು?”

“ಆಯ್ತಮ್ಮ” ಎಂದ ಪುನೀತ್.

“ಆ ಅಳು ಮಾತ್ರ ಮುಟ್ಬ್ಯಾಡ. ಇದನ್ನ ಬ್ಯಾರೆ ಕಡೀಕೂ ತಕ್ಕಂಡ್ ಓಗು. ಅಳ್ದೆ ಇರೋರು ಇನ್ನೂ ಬೋ ಜನ ಅವ್ರೆ.”

ಪುನೀತ್ ನನ್ನ ಕಡೆ ನೋಡಿದ. “ಮೊದ್ಲು ದುದ್ದ” ಎಂದೆ. “ನಮ್ ದೊಡ್ಡಪ್ಪ ಅಲ್ಲವ್ರೆ. ಮುಂದ್ಲ ಸಾಲಲ್ಲಿ ಕೂರ್ಸ್ತೀನಿ.”

ಬ್ಲೌಸು ಕೊಡುತ್ತೇನೆ ಅಂತ ಕಪಾಟಿನ ಕೀಲಿ ತೆಗೆದೆ. ಯಾರೂ ಈಸಿಕೊಳ್ಳಲಿಲ್ಲ. ಮೈಲಿಗೆಯಲ್ಲಿ ಹೊಸ ಬಟ್ಟೆ ಮುಟ್ಟುವುದಿಲ್ಲ, ನಾಳೆ ಬರುತ್ತೇವೆ ಅಂದರು.

ಕುರ್ಚಿಗಳನ್ನೆಲ್ಲ ಎತ್ತಿಟ್ಟು, ಭವನ ಗುಡಿಸಿ ನಾನು ಮನೆಗೆ ಬರುವಷ್ಟರಲ್ಲಿ ಸ್ವಾಮಿ ಮೊದಲೇ ಬಂದಿದ್ದ. ಅವನ ತಲೆ ಒದ್ದೆಯಾಗಿತ್ತು. ಮೆಟ್ಟಿಲು ಹತ್ತಲು ಹೋದವಳನ್ನು ಬಾಗಿಲಿಗೆ ಅಡ್ಡ ಕೈಯಿಟ್ಟು ನಿಲ್ಲಿಸಿದ. ಇವನಿಗೇನಾಯಿತು ಅಂತ ಮುಖ ನೋಡಿದೆ. ಅವನ ಕಣ್ಣು ಕೆಂಪಾಗಿತ್ತು.

“ಅಂಗೇ ಒಳೀಕ್ ಬರ್ಬ್ಯಾಡ ಕಣೆ” ಎಂದ. “ನಿಮ್ಮವ್ವನ್ನ ಮಣ್ ಮಾಡಿ ಬಂದಿದ್ದೀಯ. ಇತ್ಲಲ್ಲಿ ನೀರ್ ಕಾಸಿವ್ನಿ. ತಲೆ ಮ್ಯಾಲ್ ಉಯ್ಕಂಡ್ ಬಾ.”